ಬಿಚ್ಚುವ ಕೆಲಸ

ಗೊತ್ತಿಲ್ಲದವನೊಬ್ಬ ವೈರಿನ ಜಾಯಿಂಟು ಹುಡುಕಲು ಎಷ್ಟು ಹೊತ್ತು ತೆಗೆದುಕೊಳ್ಳಬೇಕು? ಎರಡು ನಿಮಿಷ? ಐದು? ಎರಡರಲ್ಲೇ ಸಿಕ್ಕಿದರೆ ಎಸ್ಸೈ ರಾಧಾಕೃಷ್ಣರಿಗೆ ಸಂಶಯ ಬಂದೀತು. ತೀರ ತಡವಾದರೆ, ಇವನೆಂಥ ಇಲೆಕ್ಟ್ರಿಷಿಯನ್ ಎಂದಾರು. ಮಾಯಿಲಪ್ಪನವರ ಜೀಪಿನೊಳಗೆ ಅರ್ಧ ಮೈ ತೂರಿಸಿದ್ದ ಸಾಬಿತ್, ಜಾಯಿಂಟು ಇಲ್ಲವೆಂದು ಚೆನ್ನಾಗಿ ಗೊತ್ತಿದ್ದ ಜಾಗಗಳಲ್ಲೆಲ್ಲ ಕೈಯಾಡಿಸುತ್ತಿದ್ದ. ಅದು ಇದ್ದದ್ದು ಡ್ರೈವರ್ ಸೀಟಿನ ಕೆಳಗೆ, ಮ್ಯಾಟಿನ ಅಡಿಯಲ್ಲಿ. ಅಲ್ಲಿ ಅಡಗಿಸಿಟ್ಟವನು ಅವನೇ.

ಸವಣೂರು ಪೇಟೆಯಲ್ಲಿ ಬೆಳಗ್ಗೆಯಿಂದ ತಪಾಸಣೆ. ಕಣ್ಣು ಕುಕ್ಕುವ ಲೈಟು ಹಾಕಿಸಿದ ಗಾಡಿಗಳನ್ನು ನಿಲ್ಲಿಸಿ, ದಂಡ ಬರೆದು, ಲೈಟನ್ನು ಅಲ್ಲೇ ಬಿಚ್ಚಿಸುವುದು. ಮೊದಲ ಕಾರಿನದ್ದನ್ನು ಪೊಲೀಸಿನವರೇ ಕಿತ್ತರು. ಹಾರ್ನ್ ಸತ್ತಿತು, ವೈಪರ್ ತಾನಾಗಿಯೇ ಓಡತೊಡಗಿತು, ಕಾರು ಮಾತ್ರ ಸ್ಟಾರ್ಟ್ ಆಗಲಿಲ್ಲ. ಯಾರಾದರೂ ಕೆಲಸ ಬಲ್ಲವರು ಬೇಕೆಂದು ಎಸ್ಸೈ ಸುತ್ತ ನೋಡಿದಾಗ ರಸ್ತೆಯ ಆಚೆ ಸಾಬಿತ್‌ನ ಅಂಗಡಿಯ ಬೋರ್ಡು ಕಂಡಿತು: ಬ್ಯಾಟರಿ, ಡೈನಮೊ, ಸೆಲ್ಫ್ ರಿಪೇರಿ. ಲೈಟಿನ ಸುದ್ದಿ ಬೋರ್ಡಿನಲ್ಲಿ ಇರಲಿಲ್ಲ. ಆ ವ್ಯಾಪಾರಕ್ಕೆ ಬೋರ್ಡು ಬೇಕಾಗಿರಲಿಲ್ಲ.

"ಹಾಕಿಸಿದವರಿಗೆ ದಂಡ ಮಾತ್ರ," ಎಂದು ಎಸ್ಸೈ ಅವನನ್ನು ಕರೆತರುವಾಗಲೇ ಹೇಳಿದ್ದರು. "ಹಾಕಿ ಕೊಟ್ಟವ ಒಮ್ಮೆ ಸಿಗಲಿ. ಅಂಗಡಿಗೆ ಬೀಗ, ಅವನ ಮೇಲೆ ಕೇಸು."

ಹಾಗಾಗಿ ಎಲ್ಲ ಗಾಡಿಯವರಿಗೂ ಒಂದೇ ಪ್ರಶ್ನೆ, ಯಾರು ಹಾಕಿ ಕೊಟ್ಟದ್ದು? ಹಾರಿಸ್ ಎಂಬ ಹುಡುಗ, ತನ್ನ ಕಾರಿನ ಮುಂದೆ ಸ್ಕ್ರೂಡ್ರೈವರ್ ಹಿಡಿದು ಕುಕ್ಕರಗಾಲಿನಲ್ಲಿ ಕೂತಿದ್ದ ಸಾಬಿತ್‌ನನ್ನು ನೋಡಿ, ನಗು ನುಂಗಿಕೊಂಡು, "ಕಾಸರಗೋಡಿನಲ್ಲಿ ಸಾರ್" ಎಂದ. ಪಿಕಪ್ಪಿನ ಮೋಕ್ಷಿತ್, "ಸೆಕೆಂಡ್‌ಹ್ಯಾಂಡ್ ಗಾಡಿ ಸಾರ್, ತೆಗೊಳ್ಳುವಾಗಲೇ ಇತ್ತು" ಎಂದ. ಈಗ ಉಳಿದದ್ದು ಮಾಯಿಲಪ್ಪ. ಸುಳ್ಯ ಕಡೆಯ ಕೃಷಿಕರು, ಅರುವತ್ತು ದಾಟಿದವರು. ಜೀಪಿನ ತಲೆಯ ಮೇಲಿದ್ದ ನಾಲ್ಕು ಲೈಟು ಆಗಲೇ ಬಿಚ್ಚಿ ಕೆಳಗಿಟ್ಟಾಗಿತ್ತು, ವೈರು ಮಾತ್ರ ಬಾಕಿ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ.

"ನೀವು ಎಲ್ಲಿ ಹಾಕಿಸಿದ್ದು?"

"ಮಂಗಳೂರು," ಎಂದರು ಮಾಯಿಲಪ್ಪ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಹಾಕಿದವ ತಾನು ಭಾರೀ ಬುದ್ಧಿವಂತ ಅಂತ ತಿಳ್ಕೊಂಡಿದ್ದಾನೆ ಸಾರ್. ಎಂತ ಕೆಲಸ ಅದು! ಎರಡು ತಿಂಗಳಾಗಲಿಲ್ಲ, ಒಂದು ಲೈಟಿನ ಒಳಗೆ ನೀರು. ಫೋನ್ ಮಾಡಿದ್ರೆ ನಾಳೆ ಬನ್ನಿ, ನಾಡಿದ್ದು ಬನ್ನಿ. ಕೆಲಸ ಗೊತ್ತಿಲ್ಲದಿದ್ರೆ ಅಂಗಡಿ ಯಾಕೆ ಇಡುದು ಮಾರಾಯ್ರೆ?"

"ಪ್ರೆಷರ್ ನೀರು ಹೊಡೆಸಿದ್ರೆ ಯಾವ ಲೈಟಾದ್ರೂ..." ಡ್ಯಾಶ್‌ಬೋರ್ಡಿನ ಕೆಳಗಿನಿಂದ ಸಾಬಿತ್ ಶುರುಮಾಡಿ, ನಾಲಗೆ ಕಚ್ಚಿಕೊಂಡ.

"ಎಂತದು?" ಎಂದರು ಎಸ್ಸೈ.

"ಎಂತ ಇಲ್ಲ ಸಾರ್. ಧೂಳು."

ಮಾಯಿಲಪ್ಪ ಬಗ್ಗಿ ಒಳಗೆ ನೋಡಿದರು. "ಹುಡುಕು, ಹುಡುಕು. ಅಂಥವ ಎಲ್ಲಿ ಬೇಕಾದ್ರೂ ಅಡಗಿಸಿಟ್ಟಾನು. ಸೀಟಿನ ಕೆಳಗೆ ಸಹ ಒಮ್ಮೆ ನೋಡು. ಬಿಸಿಲಿಗೆ ನಿಂತು ನನಗೆ ಕಾಲು ನೋಯ್ತಾ ಉಂಟು."

ಸಾಬಿತ್ ಸೀಟಿನ ಕೆಳಗೆ ಕೈ ಹಾಕಿ, ಆಶ್ಚರ್ಯಪಟ್ಟವನಂತೆ "ಓ" ಎಂದ. ಹಳೆಯ ಟೇಪು ಸುಲಿದು ಎಸೆದ, ವೈರು ಕತ್ತರಿಸಿದ, ತುದಿಗೆ ಹೊಸ ಟೇಪು ಸುತ್ತಿದ. ಸುತ್ತಿದ ಮೇಲೆ ಟೇಪಿನ ಕೊನೆಯನ್ನು ಪುಟ್ಟ ಕಿವಿಯಂತೆ ಮಡಚಿದ. ಮುಂದೆ ಎಂದಾದರೂ ಬಿಚ್ಚುವಾಗ ಉಗುರಿಗೆ ಸಿಗಲಿ ಎಂದು ಹದಿನೈದು ವರ್ಷದಿಂದ ಹಾಗೆ ಮಡಚುತ್ತ ಬಂದವನು. ಕೈ ಅವನ ಅಪ್ಪಣೆ ಕೇಳಲೇ ಇಲ್ಲ.

ಎಸ್ಸೈ ನೆಲಕ್ಕೆ ಬಿದ್ದಿದ್ದ ಹಳೆಯ ಟೇಪನ್ನು ಎತ್ತಿಕೊಂಡರು. ಅದರ ಕೊನೆಯಲ್ಲೂ ಪುಟ್ಟ ಕಿವಿ.

"ಆ ಕಾಸರಗೋಡಿನಲ್ಲಿ ಹಾಕಿಸಿದ್ದರಲ್ಲಿ ಸಹ ಹೀಗೇ ಇತ್ತಲ್ಲ?"

ಕಡಬದ ಬಸ್ಸೊಂದು ಬಂದು, ಜನ ಇಳಿಸಿ, ಹೊರಟುಹೋಯಿತು. ಸಾಬಿತ್ ಸ್ಕ್ರೂಡ್ರೈವರನ್ನು ಅಂಗಿಯ ತುದಿಯಿಂದ ಒರೆಸಿದ. ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

"ಈಗ ಎಲ್ಲರೂ ಹಾಗೇ ಸುತ್ತುದು ಸಾರ್," ಎಂದರು ಮಾಯಿಲಪ್ಪ. "ನಮ್ಮ ಪಂಪಿನ ವೈರಿಗೆ ಸಹ ಹಾಗೇ ಸುತ್ತಿದ್ದಾರೆ."

ಎಸ್ಸೈ ಟೇಪಿನ ಕಿವಿಯನ್ನು ಬಿಡಿಸಿದರು, ಪುನಃ ಮಡಚಿದರು, ಆಮೇಲೆ ಜೀಪಿನ ಬಾನೆಟ್ಟಿಗೆ ಅಂಟಿಸಿಬಿಟ್ಟರು. ದಂಡದ ರಶೀದಿ ಹರಿದು ಕೊಡುವಾಗ ಅವರ ದನಿ ಬಹಳ ಮೃದುವಾಗಿತ್ತು.

"ಮಂಗಳೂರಿಗೆ ಯಾಕೆ ಹೋದದ್ದು ಮಾರಾಯ್ರೆ? ಇಲ್ಲೇ ಸಾಬಿತ್ ಇಲ್ವಾ? ಹಾಕಿಸುವ ಮೊದಲು ಇವನ ಹತ್ರ ಒಂದು ಮಾತು ಕೇಳಿದ್ರೆ, ಇದು ಕಾನೂನಿಗೆ ವಿರುದ್ಧ ಅಂತ ಇವನೇ ಹೇಳ್ತಿದ್ದ. ಅಲ್ವಾ ಸಾಬಿತ್?"

"ಹೌದು ಸಾರ್," ಎಂದ ಸಾಬಿತ್.

"ಕೇಳಬೇಕಿತ್ತು," ಎಂದರು ಮಾಯಿಲಪ್ಪ. ರಶೀದಿಯನ್ನು ಕಿಸೆಗೆ ತುರುಕಿ, ಬಿಚ್ಚಿಟ್ಟ ನಾಲ್ಕೂ ಲೈಟುಗಳ ಕಡೆ ಒಮ್ಮೆಯೂ ನೋಡದೆ ಜೀಪು ಹತ್ತಿ ಹೋದರು.

ಅವರು ಕೇಳಿದ್ದರು. ಅಂಗಡಿಯ ಸ್ಟೂಲಿನ ಮೇಲೆ ಕೂತು, ಚಹಾ ಕುಡಿಯುತ್ತ, "ಇದಕ್ಕೆ ಪೊಲೀಸಿನವರ ಉಪದ್ರ ಎಂತ ಇಲ್ಲ ಅಲ್ಲ?" ಎಂದು ಒಂದಲ್ಲ, ಎರಡು ಸಲ ಕೇಳಿದ್ದರು. ಉಂಟು ಎಂದು ಸಾಬಿತ್ ಹೇಳಿರಲಿಲ್ಲ.