ಹುಣಸೆಮರದ ಎಡಕ್ಕೆ

ಅಂಜಮ್ಮನ ಬಳಿ ಒಂದೇ ಒಂದು ಹಳೆಯ ಸರ್ಕಾರಿ ಕಾಗದವೂ ಇರಲಿಲ್ಲ.

ಕುರುಬರಹಳ್ಳಿಯಾಚೆ, ಕುಂಟೆಯ ದಂಡೆಯ ಹುಣಸೆಮರದ ಎಡಕ್ಕೆ ಅವಳದೂ ಸೇರಿ ಹದಿನೇಳು ಗುಡಿಸಲು. ೧೯೮೦ಕ್ಕೆ ಮೊದಲೇ ಅವು ಅಲ್ಲಿದ್ದವೆಂದು ತೋರಿಸಿದರೆ ಹಕ್ಕುಪತ್ರ. ಇಲ್ಲದಿದ್ದರೆ ಜಾಗ ಹೌಸಿಂಗ್ ಸೊಸೈಟಿಗೆ. ಎಲ್ಲರೂ ಗಾರೆ ಕೆಲಸಕ್ಕೆ ಬಂದು ನಿಂತವರು. ರೇಷನ್ ಕಾರ್ಡು ಸಿಕ್ಕಿದ್ದೇ ಎಂಬತ್ತೆರಡರಲ್ಲಿ.

ವಿಚಾರಣೆಯ ದಿನ ಡ್ರಾಯಿಂಗ್ ಮೇಷ್ಟ್ರು ನಾರಾಯಣಪ್ಪ ಆಫೀಸಿನ ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಅವರನ್ನು ಸಾಕ್ಷಿಯಾಗಿ ಕರೆಸಿದ್ದು ಅಂಜಮ್ಮನೇ. ಅವರ ತೊಡೆಯ ಮೇಲೆ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಚಿತ್ರ. ಅದರ ಮೇಲೆ ಎರಡೂ ಕೈ.

"ಬಿಚ್ಚಿ ತೋರ್ಸಿ ಮೇಷ್ಟ್ರೇ."

"ಬೇಡ ಅಂಜಮ್ಮ. ಇನ್ನೊಂದು ವಾಯಿದೆ ಕೇಳೋಣ."

"ಯಾಕೆ?"

ಅವರು ದಾರದ ಗಂಟನ್ನು ಇನ್ನಷ್ಟು ಬಿಗಿದರು.

ಎಪ್ಪತ್ತೆಂಟರಿಂದ ಪ್ರತಿ ಭಾನುವಾರ ಅವರು ರಾಜಾಜಿನಗರದಿಂದ ಸೈಕಲ್ ತುಳಿದು ಬರುತ್ತಿದ್ದರು. ಸ್ಟೂಲು ಹಾಕಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳೆತ್ತಿ ನೋಡುತ್ತಿದ್ದರು. "ಆ ಕೆಂಪು ಸೀರೆ ತೆಗೀರಮ್ಮಾ, ಕಣ್ಣಿಗೆ ಹೊಡೀತದೆ," ಎಂದು ಕೂಗುತ್ತಿದ್ದರು. ತಮ್ಮ ಗುಡಿಸಲು ಚೆನ್ನಾಗಿ ಬರಲೆಂದು ಹೆಂಗಸರು ಓಡಿಹೋಗಿ ಒಣಹಾಕಿದ ಬಟ್ಟೆ ಎಳೆದುಕೊಳ್ಳುತ್ತಿದ್ದರು. ಒಮ್ಮೆ ಅಂಜಮ್ಮ ಇಣುಕಿದಾಗ ಹಾಳೆಯ ಮೇಲೆ ಇನ್ನೂ ನೀರು, ಮೂರು ಕೊಕ್ಕರೆ ಮಾತ್ರ ಇದ್ದವು.

"ನಮ್ಮ ಕುಂಟೇಲಿ ಕೊಕ್ಕರೆ ಎಲ್ಲಿ ಅವೆ ಮೇಷ್ಟ್ರೇ? ಬರೀ ಎಮ್ಮೆ."

"ಇದ್ರೆ ಚೆಂದ ಅಲ್ವೇನಮ್ಮಾ."

ಬೆಳಕು ಉಳಿದರೆ ಮುಖಗಳು. ಐದು ನಿಮಿಷಕ್ಕೊಂದು. ಮುಖ ಬರೆದು ಅವರವರಿಗೇ ಕೊಡುತ್ತಿದ್ದರು. ಕುಂಟೆಯ ಚಿತ್ರ ಮನೆಗೆ ಒಯ್ಯುತ್ತಿದ್ದರು. ಎಲ್ಲದರ ಮೂಲೆಯಲ್ಲೂ ತಾರೀಖು.

ಒಳಗೆ ಅಂಜಮ್ಮ ತೀರಿಹೋದ ಗಂಡ ಬೈರಯ್ಯನ ಮುಖವನ್ನು ಮೇಜಿನ ಮೇಲಿಟ್ಟಳು. ೧೨-೮-೭೯. ಒಲೆಯ ಹೊಗೆಗೆ ಹಾಳೆ ಕಂದಾಗಿತ್ತು. ಮೇಷ್ಟ್ರಿಂದ ಅವಳು ತರಿಸಿದ್ದು ಅದೇ ಭಾನುವಾರದ ಕುಂಟೆಯ ಚಿತ್ರ.

"ಇದು ಮುಖ ಅಮ್ಮಾ," ಎಂದರು ಅಧಿಕಾರಿ. "ಎಲ್ಲಿ ಕೂತಾದ್ರೂ ಬರೀಬಹುದು. ಜಾಗ ತೋರ್ಸಿ. ಮೇಷ್ಟ್ರು ನನ್ನ ಮಗಳಿಗೂ ಪಾಠ ಹೇಳಿದಾರೆ. ಅವರು ಹಾಕಿದ ತಾರೀಖು ನಾನು ನಂಬ್ತೀನಿ."

"ನಾವೂ ಒಪ್ತೀವಿ ಸಾರ್," ಎಂದ ಸೊಸೈಟಿಯ ಕಾರ್ಯದರ್ಶಿ ದೊಡ್ಡಣ್ಣ. ಮೇಷ್ಟ್ರತ್ತ ನೋಡಿ ನಕ್ಕ.

ಮೇಷ್ಟ್ರು ಕಟ್ಟನ್ನು ಕಂಕುಳಿಗೆ ಸೇರಿಸಿ ಮುಂದೆ ಬಂದರು. "ಸಾರ್, ಒಂದು ತಿಂಗಳು ಟೈಮ್ ಕೊಡಿ. ಬೇರೆ ಏನಾದ್ರೂ ಹುಡುಕ್ತಾರೆ."

ಅಧಿಕಾರಿ ಕ್ಯಾಲೆಂಡರ್ ನೋಡಿದರು. ಹೊಸ ದಿನಾಂಕ ಬರೆಯಲು ಪೆನ್ನು ತೆಗೆದರು.

ಪಕ್ಕದ ಗುಡಿಸಲಿನ ವೆಂಕಟೇಶ ಅಂಜಮ್ಮನ ಕಿವಿಯ ಬಳಿ ಬಗ್ಗಿದ. "ಮೇಷ್ಟ್ರು ಸೊಸೈಟೀಲಿ ಸೈಟು ಹೊಡ್ಕೊಂಡವ್ರೆ ಕಣಕ್ಕಾ. ಇವತ್ತು ಬಿಟ್ರೆ ಚಿತ್ರ ಒಲೆಗೆ ಹೋಗ್ತದೆ."

ಅಂಜಮ್ಮ ಮತ್ತೇನೂ ಕೇಳಲಿಲ್ಲ. ಮೇಷ್ಟ್ರ ತೋಳಿನಡಿಯ ಕಟ್ಟನ್ನು ಹಿಡಿದೆಳೆದಳು. ಅವರು ಬಿಡಲಿಲ್ಲ. ಅವಳೂ ಬಿಡಲಿಲ್ಲ. ಗಾರೆ ಹೊತ್ತ ಕೈ ಗೆದ್ದಿತು. ಹಲ್ಲಿನಿಂದ ದಾರ ಹರಿದು ಚಿತ್ರವನ್ನು ಅಧಿಕಾರಿಯ ಮುಂದಿಟ್ಟಳು.

"ತಾರೀಖು ನೋಡಿ ಸಾರ್. ಅದೇ ಭಾನುವಾರ. ಬರ್ಕಳಿ."

೧೨-೮-೭೯. ಅಧಿಕಾರಿ ಓದಿ, ಬರೆದುಕೊಂಡರು. ಆಮೇಲೆ ಚಿತ್ರವನ್ನು ಅವಳ ಕಡೆಗೆ ತಿರುಗಿಸಿದರು. ಕುಂಟೆ. ಮೂರು ಕೊಕ್ಕರೆ. ಹುಣಸೆಮರ. ಮರದ ಎಡಕ್ಕೆ, ಹಾಳೆಯ ಅಂಚಿನವರೆಗೂ, ಬರೀ ಹಸಿರು ಹುಲ್ಲು.

"ಗುಡಿಸಲು ಬರೆದ್ರೆ ಚಿತ್ರ ಕೆಡುತ್ತೆ ಅಂತ ಬಿಟ್ಟಿದ್ದೆ," ಎಂದರು ಮೇಷ್ಟ್ರು.

ಹದಿನೇಳು ಗುಡಿಸಲು. ಎಪ್ಪತ್ತೊಂದು ಜನ.