ನಾನು ಕಿತ್ತ ತುಂಬೆ

ಇಂದು ಹಿತ್ತಲಲ್ಲಿ ಒಂದು ತುಂಬೆ ಗಿಡ ಕಿತ್ತೆ; ಅಂಗೈಗೆ ಹತ್ತಿದ ಆ ಘಾಟು ನನ್ನನ್ನು ಗೋಪನಕೊಪ್ಪದ ಬಯಲು ಸಾಲೆಗೆ ಒಯ್ದಿತು.

ಬೇವಿನ ಮರದ ಕೆಳಗೆ ನಡೆಯುತ್ತಿದ್ದ ಆ ಸಾಲೆಯಲ್ಲಿ ಗಿಡ, ಹುಳ, ಮಣ್ಣೇ ನಮ್ಮ ಪುಸ್ತಕ. ಸಾಲೆಯ ತೋಟಕ್ಕೆ ಮಾಲಿಯನ್ನಿಟ್ಟರೆ ಫೀ ಹಚ್ಚಬೇಕಾಗುತ್ತದೆ ಎಂದು ಗಾಂಧಿ ಟೋಪಿಯ ನಮ್ಮ ಮಾಸ್ತರು ಹೇಳಿದ ದಿನವೇ, "ಮಾಲಿ ಬ್ಯಾಡ್ರಿ, ನಾವ ಮಾಡ್ತೇವಿ" ಎಂದು ಎಲ್ಲರೂ ಕೈ ಎತ್ತಿದ್ದೆವು. ಫೀ ಬಂದರೆ ಮೊದಲು ಸಾಲೆ ಬಿಡುವವಳು ನಾನೇ. ಅವ್ವ ಮಂದಿಯ ಹೊಲದಲ್ಲಿ ಕಳೆ ತೆಗೆಯುವ ಕೂಲಿಗೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ತೋಟದ ಕಳೆ ತೆಗೆಯುವ ಪಾಳಿ ನನ್ನದು. ಅವ್ವನ ಹಾಗೆಯೇ ಕುಕ್ಕರಗಾಲಲ್ಲಿ ಸರಿಯುತ್ತ, ಒಂದು ಮಡಿಯಲ್ಲಿದ್ದುದನ್ನೆಲ್ಲ ಕಿತ್ತು ರಾಶಿ ಹಾಕಿದೆ. ದೊಡ್ಡ ತರಗತಿಯ ಹಸೀನಾ ಓಡಿ ಬಂದು ತಲೆಯ ಮೇಲೆ ಕೈ ಹೊತ್ತು ನಿಂತಳು. "ಅಯ್ಯ, ಅವು ಕಸ ಅಲ್ಲ! ನಾಳಿನ ಪಾಠಕ್ಕಂತ ಬೆಳೆಸಿದ್ವು. ಈಗ ಮಾಲೀನ್ನ ಇಡ್ತಾರ ನೋಡು."

ನಾನು ಅಳತೊಡಗಿದೆ. ಅಲ್ಲಿಗೆ ಬಂದ ಮಾಸ್ತರು ಸಿಟ್ಟಾಗಲಿಲ್ಲ. ರಾಶಿಯಿಂದ ಒಂದು ಗಿಡ ಎತ್ತಿ, "ಇದೇನವಾ?" ಎಂದರು.

"ತುಂಬಿ ಗಿಡರಿ. ನೆಗಡಿ ಬಂದ್ರ ಅವ್ವ ಮೂಸಾಕ ಕೊಡ್ತಾಳ."

"ಇದು?"

"ಉತ್ತರಾಣಿರಿ. ಸೀರಿಗೆ ಹತ್ತಿಕೊಂಡು ಊರೂರು ತಿರಗತೈತಿ."

ಅಳುತ್ತಲೇ ಇಡೀ ರಾಶಿಯ ಹೆಸರು ಹೇಳಿದೆ.

"ಯಾರು ಕಲಿಸಿದ್ರು?"

ಆಚೆ ಹೊಲದಲ್ಲಿದ್ದ ಅವ್ವನತ್ತ ಬೆರಳು ತೋರಿಸಿದೆ.

ಮಾಸ್ತರು ಅವಳನ್ನು ಕರೆಸಿ, ತಮ್ಮ ಕುರ್ಚಿಯನ್ನು ಅವಳತ್ತ ಸರಿಸಿ, ನಮ್ಮ ಸಾಲಿನಲ್ಲಿ ನೆಲಕ್ಕೆ ಕುಳಿತರು. "ಹೇಳ್ರಿ ಅಕ್ಕೋರ, ನಾವು ಕಲೀತೇವಿ."

ಅವ್ವ ಕುರ್ಚಿ ಮುಟ್ಟಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಕುಕ್ಕರಗಾಲಲ್ಲೇ ಕೂತು, ಮೊದಲ ಗಿಡ ಎತ್ತಿದಳು.