ಪಂಪ್‌ಹೌಸಿನ ಹಳದಿ ಮಣಿ

ಹಾಲ್ಕುರಿಕೆಯ ಗಿರಿಜಾಂಬಿಕಾ ಅವರ ತೋಟದಲ್ಲಿ ಪಂಪಿನ ಆಟೋ ಸ್ಟಾರ್ಟರು ಮತ್ತೆ ಪಟ್ ಅಂತು. ಒಂದೆಳೆ ಹೊಗೆ ಬಿಟ್ಟು ತಣ್ಣಗಾಯ್ತು. ಆಯಮ್ಮ ತಿಪಟೂರಿನ ರಿಪೇರಿ ಅಂಗಡಿ ವಸೀಮನಿಗೆ ಫೋನ್ ಹಚ್ಚಿ ಹೇಳಿದ್ದು ಇಷ್ಟೇ: "ಆಗೋದಾದ್ರೆ ಬಂದು ಸರಿ ಮಾಡಪ್ಪ. ಆಗಲ್ಲ ಅಂದ್ರೆ ಅದನ್ನಾದ್ರೂ ಬಾಯ್ಬಿಟ್ಟು ಹೇಳು, ಮಠದ ಕಟ್ಟೇಲಿ ನಾನೇ ಎಲ್ರಿಗೂ ತಿಳಿಸ್ತೀನಿ." ಊರಿನ ಅರ್ಧಕ್ಕರ್ಧ ಸ್ಟಾರ್ಟರುಗಳು ವಸೀಮನ ಅಂಗಡಿಗೆ ಬರುತ್ತಿದ್ದದ್ದೇ ಈಯಮ್ಮನ ಬಾಯಿಂದ. ಆ ಬಾಯಿ ಆ ಕಡೆ ತಿರುಗಿಕೊಂಡರೆ ಅವನು ಮೊಬೈಲ್ ಕವರ್ ಮಾರಿಕೊಂಡು ಕೂರಬೇಕಿತ್ತು. ಅಂಗಡಿ ಬಾಗಿಲು ಎಳೆದು ಬೈಕ್ ಹತ್ತಿದ.

ಬೋರ್ಡು ಬಿಚ್ಚಿ ನೋಡಿದರೆ, ಹೋದ ಸಲ ಅವನೇ ಬದಲಿಸಿದ್ದ ಅದೇ ಮಣಿ ಕರ್ರಗಾಗಿತ್ತು. ಕಡಲೆಬೀಜದ ಗಾತ್ರದ, ಹಳದಿ ಬಣ್ಣದ ಟ್ಯಾಂಟಲಮ್ ಕೆಪಾಸಿಟರು. ಸ್ಟಾರ್ಟರಿನ ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಬರುವ ಕರೆಂಟನ್ನು ಏರುಪೇರಿಲ್ಲದಂತೆ ಹಿಡಿದು ಕೊಡೋದು ಅದರ ಕೆಲಸ. ಒಳ್ಳೇ ಸಾಮಾನೇ, ಆದರೆ ಮಹಾ ಸಿಡುಕು. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಉರಿದುಬೀಳುತ್ತದೆ, ಮೈಮೇಲೆ ಬರೆದಿರುವ ವೋಲ್ಟಿನ ಹತ್ತಿರ ಹೋದರೂ ಉರಿದುಬೀಳುತ್ತದೆ. ಮದುವೆ ಬ್ರೋಕರ್ ಹೇಳಿದ ಗಂಡಿನ ವರ್ಣನೆ ಹಾಗೆ, ಅದರ ಮೇಲೆ ಬರೆದದ್ದರಲ್ಲಿ ಅರ್ಧ ಮಾತ್ರ ನಂಬಬೇಕು. ವಸೀಮ್ ಅದನ್ನೂ ಮಾಡಿದ್ದ. ಹೋದ ಸಲ ಹದಿನಾರು ವೋಲ್ಟಿನದು ಕಿತ್ತು ಇಪ್ಪತ್ತೈದರದ್ದು ಹಾಕಿದ್ದ, ಪ್ಲಸ್ ಗುರುತಿಗೆ ಕಣ್ಣಿಟ್ಟೇ ಬೆಸುಗೆ ಹಾಕಿದ್ದ. ಆದರೂ ಸುಟ್ಟಿದೆ ಅಂದರೆ ಏನು ಹೇಳೋದು? ಅವನಿಗೆ ತನ್ನ ಕೈಮೇಲೇ ಅನುಮಾನ ಬಂತು.

"ಓಡ್ತಾ ಇರೋವಾಗ ಒಂದಿನಾನೂ ಹೋಗಿಲ್ಲ ಕಣಪ್ಪ," ಅಂದಳು ಹೊರಗೆ ತೆಂಗಿನ ಮಟ್ಟೆ ಒಟ್ಟುತ್ತಿದ್ದ ತೋಟದ ಕೆಲಸದ ಹುಚ್ಚಕ್ಕ. "ಗಿರಿಜಮ್ಮಾರು ಸ್ವಿಚ್ ಮುಟ್ಟಿದ್ರೇ ಹೋಗೋದು."

ಗಿರಿಜಾಂಬಿಕಾ ಅವಳನ್ನು ದುರುಗುಟ್ಟಿ ನೋಡಿದರು. ವಸೀಮ್ ಮಾತ್ರ ಕಿವಿ ನೆಟ್ಟಗೆ ಮಾಡಿಕೊಂಡ. "ಅಮ್ಮಾವ್ರೇ, ನೀವು ಹೆಂಗೆ ಆನ್ ಮಾಡ್ತೀರಿ? ಒಂಚೂರು ಮಾಡಿ ತೋರ್ಸಿ."

ಬೋರ್ಡು ಸತ್ತು ಬಿದ್ದಿದ್ದರೂ ಆಯಮ್ಮ ಶಾಸ್ತ್ರ ಬಿಡಲಿಲ್ಲ. ಕೈ ತೊಳೆದು ಸೆರಗಿಗೆ ಒರೆಸಿಕೊಂಡರು. ಪೆಟ್ಟಿಗೆಗೆ ವಿಭೂತಿ ಎಳೆದರು. ಆಮೇಲೆ ಸ್ವಿಚ್ಚನ್ನು ಹಾಕಿ ತೆಗೆದರು, ಹಾಕಿ ತೆಗೆದರು, ಕೊನೆಗೆ ಹಾಕಿ ಬಿಟ್ಟರು. "ಗುರುವಿಗೊಂದು, ಲಿಂಗಕ್ಕೊಂದು, ಜಂಗಮಕ್ಕೊಂದು."

"ಪಟ್ ಅಂದಿದ್ದು ಯಾವಾಗ?"

"ಜಂಗಮಕ್ಕೆ," ಅಂದಳು ಹುಚ್ಚಕ್ಕ. "ಯಾವಾಗ್ಲೂ ಜಂಗಮಕ್ಕೇ."

ವಸೀಮನಿಗೆ ರೋಗ ಸಿಕ್ಕಿತು. ಸ್ವಿಚ್ ಹಾಕಿದ ಗಳಿಗೆಯಲ್ಲಿ ಬ್ಯಾಟರಿಯ ಕರೆಂಟೆಲ್ಲ ಒಂದೇ ಏಟಿಗೆ ನುಗ್ಗುತ್ತದಲ್ಲ, ಈ ಮಣಿಗೆ ಗಂಡಾಂತರ ಅದೇ. ದಿನಕ್ಕೊಂದು ಏಟಾದರೆ ಹೇಗೋ ತಡೆದುಕೊಂಡೀತು. ಈಯಮ್ಮ ಮೇಲಿಂದ ಮೇಲೆ ಮೂರು ಕೊಡುತ್ತಿದ್ದಾರೆ, ಅದೂ ಭಕ್ತಿಯಿಂದ. ಹಾಗಂತ ಗುರು, ಲಿಂಗ, ಜಂಗಮದಲ್ಲಿ ಇಬ್ಬರನ್ನು ಬಿಟ್ಟುಬಿಡಿ ಅನ್ನೋಕೆ ಅವನ್ಯಾರು? ಗಂಟಲು ಸರಿಮಾಡಿಕೊಂಡು, "ಸ್ವಿಚ್ ಒಂದೇ ಸಲ ಹಾಕಿ, ಮೂರು ಹೆಸರೂ ಮನಸ್ಸಲ್ಲೇ ಹೇಳ್ಕಂಡ್ರೆ ಆಗಲ್ವಾ ಅಮ್ಮಾವ್ರೇ?" ಅಂದ.

"ನೀನು ಊಟಾನೂ ಮನಸ್ಸಲ್ಲೇ ಮಾಡ್ತೀಯೇನಪ್ಪ?"

ಅಲ್ಲಿಗೆ ಆ ದಾರಿ ಮುಚ್ಚಿತು. ವಸೀಮ್ ಚೀಲಕ್ಕೆ ಕೈ ಹಾಕಿ ಹೆಬ್ಬೆರಳಿನಷ್ಟು ದಪ್ಪನೆಯ ಇನ್ನೊಂದು ಕೆಪಾಸಿಟರ್ ತೆಗೆದ. "ಹಂಗಾರೆ ಈ ಅಲ್ಯೂಮಿನಿಯಂದು ಹಾಕ್ತೀನಿ. ಇದು ಸಾಧು. ನೀವು ಎಷ್ಟು ಸಲ ಟಕ್ ಅನ್ಸಿದ್ರೂ ಬೇಜಾರು ಮಾಡ್ಕಳಲ್ಲ. ಪಟ್ ಅನ್ನಲ್ಲ, ಹೊಗೆ ಬಿಡಲ್ಲ. ಗ್ಯಾರಂಟಿ ಕೊಡ್ತೀನಿ." ಗೆದ್ದೆ ಅನ್ನಿಸಿ ಅವನಿಗೆ ನಗು ಬಂತು.

ಗಿರಿಜಾಂಬಿಕಾ ಅದನ್ನು ಅಂಗೈಲಿ ಇಟ್ಟುಕೊಂಡು ನೋಡಿದರು. "ಇದಕ್ಕೆ ಸಾವೇ ಇಲ್ವಾ?"

"ಐತೆ. ಒಳಗಡೆ ಒಂಥರಾ ನೀರಿರ್ತದೆ. ಕಾವಿಗೆ ವರ್ಷಗಟ್ಲೆ ಒಣಗ್ತಾ ಒಣಗ್ತಾ ಬತ್ತೋಗ್ತದೆ."

"ಒಣಗ್ತೈತೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

"ಗೊತ್ತಾಗಲ್ಲ ಅಮ್ಮಾವ್ರೇ," ಅಂದ ವಸೀಮ್. ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ. "ಹಸಿರು ಲೈಟು ಉರೀತಾನೇ ಇರ್ತದೆ, ಮೋಟ್ರು ಓಡ್ತಾನೇ ಇರ್ತದೆ. ಎಲ್ಲ ಸರಿಯಾಗೈತೆ ಅನ್ಕಂಡಿರ್ತೀವಿ. ಒಂದಿನ ಬೋರಲ್ಲಿ ನೀರು ನಿಂತ್ರೂ ಈ ಸ್ಟಾರ್ಟ್ರು ಮೋಟ್ರು ನಿಲ್ಸೋದು ಮರ್ತುಬುಡ್ತದೆ, ಮೋಟ್ರು ಸುಟ್ಟೋಗ್ತದೆ."

ಮಟ್ಟೆ ಒಟ್ಟುತ್ತಿದ್ದ ಹುಚ್ಚಕ್ಕನ ಕೈ ನಿಂತಿತು. ಗಿರಿಜಾಂಬಿಕಾ ಅಂಗೈಲಿದ್ದ ಕೆಪಾಸಿಟರನ್ನು ಹೊರಳಿಸಿ ನೋಡಿದರು.

"ನಮ್ಮೆಜಮಾನ್ರೂ ಇಂಗೇ ಕಣಪ್ಪ," ಅಂದರು ಆಮೇಲೆ. "ಊಟ ಸೇರ್ತಾ ಅಂದ್ರೆ ಸೇರ್ತು. ಮೈ ಹೆಂಗೈತೆ ಅಂದ್ರೆ ಚೆನ್ನಾಗೈತೆ. ತೋಟಕ್ಕೂ ಹೋಗೋರು, ಕೊಬ್ಬರಿ ಹಾಕ್ಕಂಡು ಮಾರ್ಕೆಟ್ಟಿಗೂ ಹೋಗೋರು. ಒಳಗೊಳಗೇ ಏನೂ ಉಳಿದಿಲ್ಲ ಅಂತ ನಂಗೆ ಹೇಳಿದ್ದು ಆಸ್ಪತ್ರೆ ಡಾಕ್ಟ್ರು. ಅಷ್ಟು ವರ್ಷ ಪಕ್ಕದಲ್ಲೇ ಇದ್ದೋಳು ನಾನು." ಕಣ್ಣು ಒರೆಸಿಕೊಳ್ಳಲಿಲ್ಲ, ಬಚ್ಚಿಡಲೂ ಇಲ್ಲ.

ವಸೀಮನಿಗೆ ಸಂಕಟವಾಯಿತು, ಹೊಟ್ಟೆಪಾಡಿನ ಭಯವೂ ಬಿಡಲಿಲ್ಲ. "ಹಳದೀದು ಹಾಕಿದ್ರೆ ಮತ್ತೆ ಸುಡ್ತದೆ ಅಮ್ಮಾವ್ರೇ. ಆಮೇಲೆ ನೀವು ಕಟ್ಟೇಲಿ ಕೂತು ನನ್ನ ಹೆಸ್ರು..."

"ಕಟ್ಟೇಲಿ ಏನು ಹೇಳ್ಬೇಕು ಅಂತ ನಂಗೆ ಗೊತ್ತು, ಬುಡು." ಆ ದಪ್ಪನೆಯ ಕೆಪಾಸಿಟರನ್ನು ತಾವೇ ಅವನ ಚೀಲದೊಳಕ್ಕೆ ಹಾಕಿದರು. "ಪಟ್ ಅನ್ನೋದನ್ನೇ ಹಾಕು. ಹೋಗೋದಾದ್ರೆ ಹೋಗ್ಲಿ, ನನ್ನ ಒಂದ್ಸಲ ಕೂಗಿ ಹೋಗ್ಲಿ."